ಎಲ್ಲರ ದಾರಿಯ ಎಂಜಿನಿಯರ್ ಸಾಹೇಬರು

ಹೊಸಪೇಟೆಯ ಕಾಲುವೆ ದಂಡೆಯ ಮೇಲೆ ಎಲ್ಲರಿಗೂ ಸಲ್ಲುವ ದಾರಿಯೊಂದನ್ನು ರೂಪಿಸಿದ್ದಕ್ಕಾಗಿ ಆ ಎಂಜಿನಿಯರ್ ಸಾಹೇಬರಿಗೆ ಶಾಲು ಹೊದಿಸಿದ್ದರು. ಬೂಟಿಗೆ ಅದಿರಿನ ಕೆಂಧೂಳು ತಾಗಿದರೆ ಮಾತು ನಿಲ್ಲಿಸಿ ಒರೆಸಿಕೊಳ್ಳುತ್ತಿದ್ದರು, ಆಮೇಲೆ, "ಎಲ್ಲಾರ್ಗೂ ಆಗ್ತೈತ್ರಿ, ಎಲ್ಲಾರ್ಗೂ!" ಎನ್ನುತ್ತಿದ್ದರು.

ಅದಿರಿನ ಲಾರಿಗಳು ನುಗ್ಗದಂತೆ ದಾರಿಯ ಬಾಯಿಗೆ ಕಬ್ಬಿಣದ ಕಂಬಗಳನ್ನು ನೆಡಿಸಿದವರೂ ಅವರೇ. ಅವುಗಳ ನಡುವಿನ ಅಂತರಕ್ಕೆ ಅಳತೆಯಾದದ್ದು ಹಂಪಿಗೆ ಬಂದ ಪ್ರವಾಸಿಯೊಬ್ಬನ ಬರಿಯ ಸೈಕಲ್ಲು. ನಮ್ಮ ಕಡೆಯ ಸೈಕಲ್ಲಿನ ಎರಡೂ ಬದಿಗೆ ಬಾಳೆಗೊನೆ ತೂಗುತ್ತದೆಂಬುದು ಆ ವಿದ್ಯಾವಂತರ ಕಣ್ಣಿಗೆ ಬಿದ್ದಿರಲಿಲ್ಲ.

ಒಂದು ಬೆಳಿಗ್ಗೆ, ಹರಾಜಿಗೆ ಮುಂಚೆ ಮಾರುಕಟ್ಟೆ ಸೇರಬೇಕಿದ್ದ ಬಾಳೆ ಬೆಳೆಗಾರನೊಬ್ಬ ಗೊನೆ ಹೇರಿದ ಸೈಕಲ್ಲಿನೊಂದಿಗೆ ಆ ಕಂಬಗಳ ಮುಂದೆ ನನ್ನೆದುರೇ ಸಿಕ್ಕಿ ನಿಂತ. ಸಾಹೇಬರೂ ಅಲ್ಲೇ ಇದ್ದರು.

"ಕಂಬ ತೆಗೀರಿ ಸಾಹೇಬ್ರ, ಗೊನಿ ಹಿಡಸವಲ್ದು."

"ಗೊನಿ ಇಳಿಸಿ ದಾಟು, ಆಮ್ಯಾಲೆ ಏರಿಸ್ಕೋ. ಕಂಬ ತೆಗ್ಯಾಕ ರೂಲ್ಸ್ ಇಲ್ಲ."

ಅಷ್ಟರಲ್ಲಿ ಅವನ ಹಿಂದೆ ಅದಿರಿನ ಲಾರಿಯೊಂದು ಬಂದು ಹಾರ್ನ್ ಹೊಡೆಯಿತು. ಸಾಹೇಬರು ಜೇಬಿನಿಂದ ಕೀಲಿ ತೆಗೆದು, ಬುಡದ ಬೀಗ ಬಿಚ್ಚಿ, ನಡುವಿನ ಕಂಬಗಳನ್ನು ತಾವೇ ಎತ್ತಿ ಪಕ್ಕಕ್ಕಿಟ್ಟರು. ಬೆಳೆಗಾರ ಸೈಕಲ್ಲನ್ನು ದಾರಿಯ ನಟ್ಟನಡುವೆ ತಳ್ಳಿಕೊಂಡು ಹೊರಟ.

"ಲೇ, ಲಾರಿ ನಿಂತೈತಿ, ಬದಿಗೆ ಸರಿಯಲೇ!" ಎಂದು ಸಾಹೇಬರು ಕೂಗಿದರು.

ಅವನು ತಿರುಗಿಯೂ ನೋಡಲಿಲ್ಲ.

"ನಿಂದರ್ಲಿ ಬಿಡ್ರಿ. ಇಷ್ಟೊತ್ತನಕ ನಾನೂ ನಿಂತಿದ್ದೆ."