ವಲ್ಲಿಯ ಕೆಳಗೆ ಕೊಟ್ಟ ಕೈ

ಪುಣ್ಯವಂತರೇ, ಕೈಯೊಳಗಿನ ಕೆಲಸವನ್ನು ತುಸು ಹೊತ್ತು ಕೆಳಗಿಟ್ಟು ಹತ್ತಿರ ಬಂದು ಕುಳಿತುಕೊಳ್ಳಿ, ಕಿವಿಯನ್ನು ಇತ್ತ ಕೊಡಿ. ದೇವರು ಕೊಟ್ಟ ಬಾಯಿಯನ್ನು ಮುಚ್ಚಿಕೊಂಡೇ ಬಾಳಿದ, ಮುಚ್ಚಿಕೊಂಡೇ ಸಾಯಲು ಹೊರಟಿದ್ದ ಒಬ್ಬನ ಸಂಗತಿಯನ್ನು ಹೇಳುತ್ತೇನೆ. ಅವನ ಹೆಸರು ಅಂದಾನೆಪ್ಪ, ಊರು ಅಬ್ಬಿಗೇರಿ.

ಅಂದಾನೆಪ್ಪ ದನದ ಸಂತೆಯ ದಲಾಲ. ಗಜೇಂದ್ರಗಡದ ಕಡೆಯಿಂದ ನರಗುಂದದ ಕಡೆಯವರೆಗೆ ಎಲ್ಲಿ ಎತ್ತಿನ ವ್ಯಾಪಾರ ಕೂಡಿದರೂ ಕೊಡುವವನ ಮತ್ತು ಕೊಳ್ಳುವವನ ನಡುವೆ ಅವನು ನಿಂತಿರುತ್ತಿದ್ದ. ಆ ಸಂತೆಗಳಲ್ಲಿ ಬೆಲೆಯನ್ನು ಬಾಯಿಂದ ಆಡುವ ಪದ್ಧತಿಯಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಬಿಚ್ಚಿ ಇಬ್ಬರ ಬಲಗೈಗಳ ಮೇಲೆ ಹೊದಿಸುತ್ತಾರೆ. ಆ ಬಟ್ಟೆಯ ಕೆಳಗೆ ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಪಂಜವನ್ನು ಹಿಡಿದರೆ ಐದು. ಸುತ್ತ ನಿಂತವರಿಗೆ ಕಾಣುವುದು ಅಲುಗುವ ಬಟ್ಟೆ ಮತ್ತು ಏನೂ ತೋರಗೊಡದ ಎರಡು ಮುಖಗಳು. ಮುಖವನ್ನು ಹಾಗೆ ಕಲ್ಲು ಮಾಡಿಕೊಳ್ಳುವುದರಲ್ಲಿ ಅಂದಾನೆಪ್ಪನನ್ನು ಮೀರಿಸುವವರಿರಲಿಲ್ಲ. ಮೋಸಗಾರನೂ ಅವನಲ್ಲ. ಎತ್ತಿಗೆ ಐಬಿದ್ದರೆ ಕೊಳ್ಳುವವನ ಕಿವಿಯಲ್ಲಿ ಹೇಳಿಯೇ ಹೇಳುತ್ತಿದ್ದ. ಆದರೆ ನಾಲ್ಕು ಮಂದಿಯ ಮುಂದೆ ಎಂದೂ ಆಡುತ್ತಿರಲಿಲ್ಲ. ಹಾಗೆ ಆಡಿದರೆ ಆ ಎತ್ತನ್ನು ಮುಟ್ಟಿ ನೋಡುವವರು ಕೂಡ ಇಲ್ಲದೆ ಅದು ಸಂತೆಯಿಂದ ಬಂದ ದಾರಿಯಲ್ಲೇ ಮರಳುತ್ತಿತ್ತು.

ಇಂಥವನಿಗೆ ಕಿಡ್ನಿಯ ಬೇನೆ ಬಂದಿತು. ಕಾಲು ಬಾತವು, ಮುಖ ಊದಿತು, ಊಟ ಸೇರದಾಯಿತು. ಎರಡೂ ಕಿಡ್ನಿಗಳು ಸೋತಿವೆ, ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು ಎಂದು ಡಾಕ್ಟರರು ಹೇಳಿದರು. ಯಂತ್ರಕ್ಕೆ ರಕ್ತ ಹರಿಯಲೆಂದು ಎಡಗೈಯ ಎರಡು ನರಗಳನ್ನು ಕೂಡಿಸಿ ಹೊಲಿದರು. ಆ ಕೈಯಿಂದ ಭಾರ ಎತ್ತಬಾರದು, ಹಗ್ಗ ಜಗ್ಗಬಾರದು. ಎಡಗೈಯಲ್ಲಿ ಎತ್ತಿನ ಹಗ್ಗ ಹಿಡಿದು ಬಲಗೈಯಲ್ಲಿ ವ್ಯಾಪಾರ ಮಾಡಿದವನಿಗೆ ಅಂದಿನಿಂದ ಸಂತೆ ತಪ್ಪಿತು. ವಲ್ಲಿ ಮಡಿಕೆಯಾಗಿ ಟ್ರಂಕು ಸೇರಿತು.

ಮನೆಯಲ್ಲಿ ಮಂದಿಗೇನು ಕಡಿಮೆಯಿರಲಿಲ್ಲ. ಹೆಂಡತಿ ಚನ್ನವ್ವ, ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಇದ್ದರು. ಆದರೂ ಅವನು ಒಂಟಿಯಾದ. ಬಂದವರಿಗೆ ಮೊದಲು ನೀರಿನ ತಂಬಿಗೆ ಕೊಡುವ ನಾಡು ನಮ್ಮದು. ಅವನು ಕಟ್ಟೆಗೆ ಬಂದರೆ ಗೆಳೆಯರು ಚಹದ ಕಪ್ಪುಗಳನ್ನು ಕಳ್ಳರಂತೆ ಬೆನ್ನಿನ ಹಿಂದೆ ಸರಿಸುತ್ತಿದ್ದರು. ಬೇನೆಯಿಂದಾಗಿ ಅವನು ನೀರನ್ನು ಅಳೆದೇ ಕುಡಿಯಬೇಕು ಎಂದು ಅವರಿಗೆ ಗೊತ್ತಿತ್ತು. ಅವನೆದುರು ಕುಡಿಯಲು ಅವರಿಗೆ ಸಂಕಟ. ಅವರಿಗೆ ಸಂಕಟವಾಗುವುದನ್ನು ನೋಡಲಾರದೆ ಅವನು ಕಟ್ಟೆಗೆ ಹೋಗುವುದನ್ನೇ ಬಿಟ್ಟ. ಮನೆಯಲ್ಲಿ ಅವನಿಗೆಂದು ಉಪ್ಪಿಲ್ಲದ ಪಲ್ಲೆ ಬೇರೆ, ಊಟದ ಹೊತ್ತೂ ಬೇರೆ. ಸಂಜೆ ಜಗಲಿಯ ಮೂಲೆಯಲ್ಲಿ ಕುಳಿತು ಎಡಗೈಯನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದ. ಹೊಲಿದ ನರದೊಳಗೆ ರಕ್ತ ಜುಂಯ್ ಎಂದು ಹರಿಯುವ ಸದ್ದು ಕೇಳುತ್ತಿತ್ತು. ಆ ದಿನಗಳಲ್ಲಿ ಅವನೊಡನೆ ತಡೆಯಿಲ್ಲದೆ ಮಾತಾಡಿದ್ದು ಅದೊಂದೇ.

ಡಯಾಲಿಸಿಸ್‌ಗೆ ಅವನು ಬಸ್ಸು ಹತ್ತಿ ರೋಣದ ಒಂದು ದವಾಖಾನೆಗೆ ಹೋಗುತ್ತಿದ್ದ. ಪಕ್ಕದ ಹಾಸಿಗೆ ನರಗುಂದದ ಮೈನುದ್ದೀನನದು. ಟೆಂಪೊ ಓಡಿಸುತ್ತಿದ್ದ ಮನುಷ್ಯ, ಬಾಯಿ ಸುಮ್ಮನಿರದು.

"ಏನ್ರೀ ದಲಾಲ್ರ, ಹಲ್ಲು ನೋಡಿ ಎತ್ತಿನ ವಯಸ್ಸು ಹೇಳ್ತೀರಂತ. ನನ್ನ ಹಲ್ಲೊಮ್ಮೆ ನೋಡ್ರಿ, ಇನ್ನ ಎಷ್ಟ ವರ್ಷ ಗಾಡಿ ಎಳೀತೈತಿ ಹೇಳ್ರಿ."

"ನಿನ್ನ ಬಾಯಿ ನಿಂತ್ರಲ್ಲೇನೋ ಹಲ್ಲು ಎಣಿಸೂದು! ಮೊದ್ಲ ಅದನ್ನ ತಡಿ."

ನರ್ಸಬಾಯಿ ಕೂಡ ನಗುತ್ತಿದ್ದಳು. ಅಂದಾನೆಪ್ಪನೂ ನಗುತ್ತಿದ್ದ. ಆದರೆ 'ಇನ್ನ ಎಷ್ಟ ವರ್ಷ' ಎಂಬ ಆ ಮಾತು ನಗೆ ಮುಗಿದ ಮೇಲೂ ಅವನ ಎದೆಯಲ್ಲಿ ಉಳಿಯುತ್ತಿತ್ತು.

ಯಂತ್ರದಿಂದ ಇಳಿಯುವ ಹೊತ್ತಿಗೆ ಅವನ ಮೀನಖಂಡಗಳು ಹಗ್ಗ ಹೊಸೆದಂತೆ ಸೆಳೆಯುತ್ತಿದ್ದವು. ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಗೋಡೆ ಹಿಡಿದು ಹೊರಬಂದು, ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಬಹಳ ಹೊತ್ತು ಕುಳಿತು, ಮುಖವನ್ನು ಸರಿಪಡಿಸಿಕೊಂಡು ಬಸ್ಸು ಹತ್ತುತ್ತಿದ್ದ. ಮೈನುದ್ದೀನನಿಗೂ ಹೇಳಲಿಲ್ಲ, ಚನ್ನವ್ವನಿಗೂ ಹೇಳಲಿಲ್ಲ. ವಾರಕ್ಕೊಮ್ಮೆ ಬರುವ ಕಿಡ್ನಿಯ ಡಾಕ್ಟರ್ ಸುಮೇಧ ಹಾಸಿಗೆಯ ಬುಡದಲ್ಲಿ ನಿಂತು "ಹ್ಯಾಂಗ ಅದೀರಿ ಯಜಮಾನ್ರ?" ಎನ್ನುವರು. ಸುತ್ತ ರೋಗಿಗಳು, ಅವರ ಮನೆಯವರು, ಎಲ್ಲರ ಕಿವಿಗಳು. ಅಂದಾನೆಪ್ಪ "ಆರಾಮ ಅದೀನ್ರಿ" ಎನ್ನುವನು. ಡಾಕ್ಟರರು ಮುಂದಿನ ಹಾಸಿಗೆಗೆ ನಡೆಯುವರು. ಇಷ್ಟು ಮಂದಿಯ ನಡುವೆ ಐಬು ಹೇಳಿದರೆ ತನ್ನನ್ನೂ ಯಂತ್ರದಿಂದ ಇಳಿಸಿ ಮನೆಗೆ ಕಳಿಸಿಬಿಡುತ್ತಾರೆ ಎಂಬ ಹೆದರಿಕೆ ಅವನದಾಗಿತ್ತು. ಕಸುಬು ಕಲಿಸಿದ ಪಾಠ ಮೈಯನ್ನು ಅಷ್ಟು ಬೇಗ ಬಿಡುವುದಿಲ್ಲ, ತಾಯಂದಿರೇ.

ಒಂದು ದಿನ ಮೈನುದ್ದೀನನ ಹಾಸಿಗೆಯಲ್ಲಿ ಬೇರೊಬ್ಬ ಮಲಗಿದ್ದ. ಅಂದಾನೆಪ್ಪ ನರ್ಸಬಾಯಿಯನ್ನು ಕೇಳಬೇಕೆಂದು ಬಾಯಿ ತೆರೆದ. ಆಕೆ ಏನು ಹೇಳಿಬಿಡುವಳೋ ಎಂದು ಮುಚ್ಚಿಕೊಂಡ. ಮುಂದಿನ ಸಲವೂ ಆ ಹಾಸಿಗೆಯಲ್ಲಿ ಅದೇ ಹೊಸಬ. ಅಂದಾನೆಪ್ಪ ಗೋಡೆಯ ಕಡೆ ಹೊರಳಿ, ಯಾರಿಗೂ ಕಾಣದಂತೆ ಗೆಳೆಯನಿಗಾಗಿ ಅತ್ತ. ಆಮೇಲಿನ ವಾರಗಳಲ್ಲಿ ಸೆಳೆತ ಇನ್ನೂ ಹೆಚ್ಚಿತು. ಯಂತ್ರವು ತನ್ನ ಜೀವವನ್ನು ತುಸುತುಸುವೇ ಹೀರುತ್ತಿದೆ, ಹೀರಿಸಿಕೊಂಡು ಸಾಯುವುದಕ್ಕಿಂತ ಮನೆಯಲ್ಲೇ ಸಾಯುವುದು ಮೇಲು ಎಂದು ಅವನಿಗೆ ತೋರಿತು. ಇನ್ನೊಂದೇ ಸಲ ಹೋಗುವುದು, ಆಮೇಲೆ ಬಿಡುವುದು ಎಂದು ಒಬ್ಬನೇ ನಿಶ್ಚಯಿಸಿಕೊಂಡ.

ಆ ಮುಂಜಾನೆ ಟ್ರಂಕು ತೆರೆದು ವಲ್ಲಿಯನ್ನು ತೆಗೆದ. ಬುತ್ತಿ ಕಟ್ಟುತ್ತಿದ್ದ ಚನ್ನವ್ವ ನೋಡಿದಳು.

"ಇದೇನ್ರಿ, ದವಾಖಾನಿಗೆ ಹೊಂಟೀರೋ ಸಂತಿಗೋ?"

"ಥಂಡಿ ಐತಿ, ಹೊದ್ಕೊಳ್ಳಾಕ."

"ಈ ಬಿಸಿಲಾಗ? ಆತು ಬಿಡ್ರಿ, ನಿಮ್ಮ ಬಾಯಾಗಿಂದ ಖರೇ ಹೊರಡೂದು ಎಂದಾರ ಉಂಟೇನು?" ಎಂದು ನಕ್ಕು ಬುತ್ತಿಯನ್ನು ಕೈಗಿಟ್ಟಳು. ಅದು ಕೊನೆಯ ಬುತ್ತಿ ಎಂದು ಅವನು ಎಣಿಸಿದ್ದು ಆ ತಾಯಿಗೆ ಏನು ಗೊತ್ತು?

ಅವನು ಮಲಗಿದ, ಎಡಗೈಗೆ ಸೂಜಿಗಳನ್ನು ಚುಚ್ಚಿದರು, ಯಂತ್ರ ತಿರುಗಿತು. ಡಾಕ್ಟರ್ ಸುಮೇಧ ಬಂದು ಎಂದಿನಂತೆ ಕೇಳಿದರು. ಅವನು ಎಂದಿನಂತೆ ಹೇಳಿದ. ಅವರು ಹೊರಳಿದಾಗ ಅಂದಾನೆಪ್ಪನ ಬಾಯಿಂದ ಮಾತು ಕೊನೆಗೂ ಹೊರಬಿತ್ತು:

"ಸಾಹೇಬ್ರ, ಸ್ವಲ್ಪ ಕೈ ಕೊಡ್ರಿ."

"ಯಾಕ್ರಿ, ತ್ರಾಸ ಆಗಾಕತ್ತೈತೇನು?"

"ಇಲ್ರಿ. ಇಲ್ಲಿ, ವಲ್ಲಿ ಕೆಳಗ ಕೊಡ್ರಿ."

ಡಾಕ್ಟರರು ಗಲಿಬಿಲಿಗೊಂಡರೂ ಬಲಗೈ ಕೊಟ್ಟರು. ಅಂದಾನೆಪ್ಪ ವಲ್ಲಿಯನ್ನು ಎರಡೂ ಕೈಗಳ ಮೇಲೆ ಎಳೆದು, ಅವರು ಬಾಗಿದಾಗ ಕಿವಿಯಲ್ಲಿ ಹೇಳಿದ: "ನಾ ಕೇಳಿದ್ದಕ್ಕ ಬಾಯಿಲೆ ಹೇಳಬ್ಯಾಡ್ರಿ. ಒಂದಾದ್ರ ನನ್ನ ಒಂದು ಬೆರಳು ಹಿಡೀರಿ, ಐದಾದ್ರ ಪೂರಾ ಪಂಜಾ. ಮಂದಿಗೆ ಗೊತ್ತಾಗೂದಿಲ್ಲ. ಹೇಳ್ರಿ, ಇನ್ನ ಎಷ್ಟ ವರ್ಷ?"

ಬಟ್ಟೆಯ ಕೆಳಗಿನ ಕೈ ಅಲುಗಲಿಲ್ಲ. ಡಾಕ್ಟರರು ಕಾಲಿನಿಂದ ಸ್ಟೂಲನ್ನು ಎಳೆದುಕೊಂಡು ಕುಳಿತರು. ಇಷ್ಟು ದಿನಗಳಲ್ಲಿ ಅವರು ಅವನ ಹತ್ತಿರ ಕುಳಿತದ್ದು ಅದೇ ಮೊದಲು.

"ಯಜಮಾನ್ರ, ಇದಕ್ಕ ನನ್ನ ಹಂತ್ಯಾಕ ಬೆರಳಿಲ್ರಿ. ಖರೇ ಹೇಳ್ತೀನಿ, ನನಗ ಗೊತ್ತಿಲ್ಲ. ಸುಳ್ಳು ಎಣಿಕಿ ಕೊಡೂದಿಲ್ಲ. ಆದ್ರ ನಾ ಒಂದು ಕೇಳ್ತೀನಿ, ನೀವು ಹಿಂಗ ಹೇಳ್ರಿ. ಮಷೀನಿಂದ ಇಳಿಯೂ ಹೊತ್ನ್ಯಾಗ ಹ್ಯಾಂಗಾಗ್ತೈತಿ? ಆರಾಮಿದ್ರ ಒಂದು ಬೆರಳು. ತಡಕೊಳ್ಳಾಕ ಆಗದಿದ್ರ ಐದು."

ಅಂದಾನೆಪ್ಪನ ಮುಖ ಕಲ್ಲಿನಂತೆಯೇ ಇತ್ತು. ಅವನ ಕೈ ಡಾಕ್ಟರರ ಇಡೀ ಪಂಜವನ್ನು ಹಿಡಿಯಿತು, ಹಿಡಿದದ್ದನ್ನು ಬಿಡಲಿಲ್ಲ.

"ಇಷ್ಟು ದಿವಸ ಆರಾಮ ಅಂತಿದ್ರಲ್ರಿ!" ಡಾಕ್ಟರರ ದನಿ ತಗ್ಗಿತು.

"ಮಂದ್ಯಾಗ ಏನ್ ಹೇಳೂದ್ರಿ? ಐಬು ಹೇಳಿದ್ರ ತಿರುಗಿ ಕಳಸ್ತೀರಿ ಅಂದ್ಕೊಂಡಿದ್ದೆ. ಇವತ್ತ ಕಡೀದು ಅಂತ ಬಂದೀನ್ರಿ."

ಡಾಕ್ಟರರು ನರ್ಸಬಾಯಿಗೆ ಹೇಳಿ ಹಾಸಿಗೆಯ ಸುತ್ತ ಪರದೆ ಎಳೆಸಿದರು. ಒಂದೊಂದಾಗಿ ಕೇಳಿದರು. ಸೆಳೆತ ಯಾವಾಗ ಶುರುವಾಗುತ್ತದೆ, ಊಟ ಎಷ್ಟು ಸೇರುತ್ತಿದೆ, ಬಿ.ಪಿ. ಗುಳಿಗೆ ಯಾವ ಹೊತ್ತಿಗೆ.

"ದಿನಾ ಮುಂಜಾನಿ ಅಂತ ನೀವ ಹೇಳೀರಿ. ಬಸ್ಸು ಹತ್ತೂಕಿಂತ ಮೊದ್ಲ ತಗೊಂತೀನಿ. ಒಂದ್ ದಿನಾನೂ ತಪ್ಪಿಸಿಲ್ಲ."

ಡಾಕ್ಟರರು ಕಣ್ಣು ಮುಚ್ಚಿ ತೆರೆದರು. "ಆ ಗುಳಿಗಿ ಬಿ.ಪಿ. ಇಳಸ್ತೈತಿ, ಮಷೀನೂ ಇಳಸ್ತೈತಿ. ಎರಡೂ ಕೂಡಿ ನಿಮ್ಮನ್ನ ನೆಲಕ್ಕ ಕೆಡವ್ಯಾವ್ರಿ. ಇಲ್ಲಿ ಬರೋ ದಿವಸ ಅದನ್ನ ಮನಿಗೆ ಹೋದಮ್ಯಾಲೆ ತಗೋರಿ. ತೂಕಾನೂ ಹೊಸದಾಗಿ ನೋಡ್ತೀನಿ, ಮೈಯಾಗಿನ ನೀರು ಜಾಸ್ತಿ ತಗ್ಯಾಕತ್ತೀವೇನೋ. ಇದನ್ನ ನಾವ ಕೇಳಬೇಕಾಗಿತ್ತು. ತಪ್ಪು ನಮ್ಮದು." ಆಮೇಲೆ ಕೇಳಿದರು: "ಮುಂದಿನ ಸಲ ಬರ್ತೀರಿಲ್ರಿ?"

 ಅಂದಾನೆಪ್ಪನ ಕಣ್ಣು ಪರದೆಯ ಆಚೆಗಿನ ಹಾಸಿಗೆಯ ಕಡೆಗಿತ್ತು. "ಮೈನುದ್ದೀನ... ಹ್ಯಾಂಗ ಹೋದ್ರಿ ಅಂವಾ? ಭಾಳ ನರಳಿದನೇನು?"

"ಹೋದ? ಎಲ್ಲಿಗ್ರಿ? ಮಗಳು ಗಜೇಂದ್ರಗಡಕ್ಕ ಕರ್ಕೊಂಡು ಹೋಗ್ಯಾಳ, ಅಲ್ಲೇ ಡಯಾಲಿಸಿಸ್ ತಗೋತಾನ. ಮೊನ್ನಿ ಫೋನ್ ಮಾಡಿದ್ದ. 'ದಲಾಲ್ರು ನನ್ನ ಹಲ್ಲು ಎಣಿಸೂದು ಬಾಕಿ ಐತಿ' ಅಂತ ನೆನಸ್ತಿದ್ದ."

ಕೇಳಿರಯ್ಯಾ! ಬದುಕಿದ್ದ ಗೆಳೆಯನನ್ನು ಅವನು ವಾರಗಟ್ಟಲೆ ಎದೆಯೊಳಗೆ ಹೂಳಿಕೊಂಡು ತಿರುಗಿದ್ದ. ಒಂದು ಮಾತು ಕೇಳಿದ್ದರೆ ತೀರುತ್ತಿತ್ತು. ಅಷ್ಟು ಮಂದಿಗೆ ಸುಳಿವು ಕೊಡದ ಆ ಮುಖ ಆಗ ಒಡೆಯಿತು. ವಲ್ಲಿಯ ತುದಿಯನ್ನು ಕಣ್ಣಿಗೆ ಒತ್ತಿಕೊಂಡು, "ಬರ್ತೀನ್ರಿ ಸಾಹೇಬ್ರ" ಎಂದ.

ಅಂದೂ ಕಾಲು ಸೆಳೆಯಿತು, ಗುಳಿಗೆ ಹೊಟ್ಟೆಯಲ್ಲಿತ್ತಲ್ಲ. ಸಂಜೆ ಜಗಲಿ ಹತ್ತಿದಾಗ ಚನ್ನವ್ವ ಕೇಳಿದಳು, "ಹ್ಯಾಂಗಾತ್ರಿ?" ರೂಢಿಯ ಉತ್ತರ ನಾಲಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿ ಅಂದಾನೆಪ್ಪ ಹೇಳಿದ, "ಕಾಲು ಭಾಳ ಸೆಳ್ಯಾಕತ್ತಾವು. ಕಣ್ಣಿಗಿ ಕತ್ತಲಿ ಬರ್ತೈತಿ. ಭಾಳ ದಿವಸದಿಂದ ಹಿಂಗ ಐತಿ."

"ಭಾಳ ದಿವಸದಿಂದ? ನಾ ಏನ್ ನಿಮಗ ಸಂತ್ಯಾಗಿನ ಮಂದಿ ಆದ್ನೇನ್ರಿ?" ಅವಳು ಅವನ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತ ಅತ್ತಳು.

ಮುಂದೆ ಸೆಳೆತ ಇಳಿಯಿತು, ಪೂರಾ ಹೋಗಲಿಲ್ಲ. ಎಷ್ಟು ವರ್ಷ ಎಂಬುದಕ್ಕೆ ಇಂದಿಗೂ ಉತ್ತರವಿಲ್ಲ. ಅಬ್ಬಿಗೇರಿಯಿಂದ ಹೊರಡುವ ಬಸ್ಸಿನ ಕಿಟಕಿಯ ಪಕ್ಕದಲ್ಲಿ ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಈಗಲೂ ಅವನು ಒಬ್ಬನೇ ಕುಳಿತಿರುತ್ತಾನೆ. ಡಾಕ್ಟರ್ ಸುಮೇಧ ಮಾತ್ರ ಈಗ ಪ್ರತಿಯೊಂದು ಹಾಸಿಗೆಯ ಹತ್ತಿರವೂ ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಇವನ ಹತ್ತಿರ ಬಂದಾಗ ಕೇಳುವ ಮೊದಲೇ ಬಲಗೈ ಚಾಚುತ್ತಾರೆ.

ಆದ್ದರಿಂದ, ಅಣ್ಣಗಳಿರಾ, ಅಕ್ಕಗಳಿರಾ, ನನ್ನದೊಂದು ಬೇಡಿಕೆ. ನಿಮ್ಮ ಓಣಿಯಲ್ಲಿ ಇಂಥ ಬೇನೆಯವರು ಇದ್ದೇ ಇರುತ್ತಾರೆ. ಈ ವಾರ ಅವರಲ್ಲಿಗೆ ಹೋಗಿ. ಬಾಗಿಲಲ್ಲಿ ನಿಂತು ಆರಾಮವೇ ಎಂದು ಕೇಳಿ ಹೊರಳಬೇಡಿ. ಕುಳಿತು, ಅವರ ಕೈಯನ್ನು ನಿಮ್ಮ ಕೈಯಲ್ಲಿ ಹಿಡಿದು, ಅವರ ಬಾಯಿ ತೆರೆಯುವವರೆಗೆ ಕಾಯಿರಿ. ಕೇಳಿದ್ದನ್ನು ಡಾಕ್ಟರರಿಗೆ ಹೇಳಲು ಅವರೊಡನೆ ಬಸ್ಸು ಹತ್ತಿರಿ. ಬೇನೆ ನಿಮ್ಮದೇ ಆಗಿದ್ದರೆ, ದೇವರಾಣೆ, ಅದನ್ನು ಮುಚ್ಚಿಡಬೇಡಿ. ಪರದೆ ಎಳೆಯಲು ಹೇಳಿ, ಕೈ ಚಾಚಿರಿ, ಇದ್ದುದನ್ನು ಇದ್ದಂತೆ ಹೇಳಿರಿ.