ಎರಡನೇ ನಂಬರು

ವಿಜ್ದಾನಳ ಅಂಗಡಿ ನನ್ನ ಅಂಗಡಿಯ ಪಕ್ಕದ್ದು. ನಾನು ದಾರ, ಗುಂಡಿ, ಲೇಸು ಮಾರುತ್ತೇನೆ. ಅವಳು ಹೆಂಗಸರ ಫೋನು ರಿಪೇರಿ ಮಾಡುತ್ತಾಳೆ. ಇರ್ಬಿದ್ ಊರಿನ ಹಳೆಯ ತರಕಾರಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನಮ್ಮಿಬ್ಬರ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಗೆ ಕಿವಿ ಕೊಡದೆಯೇ ಅವಳ ಅರ್ಧ ಬದುಕು ನನಗೆ ಕೇಳಿಸಿದೆ.

ಫೋನು ರಿಪೇರಿ ಮಾಡುವ ಗಂಡಸರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ಆದರೆ ತಲೆವಸ್ತ್ರವಿಲ್ಲದೆ ಕೂದಲು ಬಿಟ್ಟುಕೊಂಡು ನಿಂತ ಮದುವೆ ಫೋಟೋ ಇರುವ ಫೋನನ್ನು ಯಾವ ಹೆಂಗಸು ಗಂಡಸಿನ ಕೈಗೆ ಕೊಟ್ಟಾಳು? ವಿಜ್ದಾನ್ ಹನ್ನೊಂದು ವರ್ಷದ ಹಿಂದೆ ರಾಜಧಾನಿ ಅಮ್ಮಾನಿನಲ್ಲಿ ಕೆಲಸ ಕಲಿತು ಬಂದು ಅಂಗಡಿ ತೆರೆದಾಗ ಹೆಂಗಸರು ಸಾಲುಗಟ್ಟಿದ್ದು ಅದಕ್ಕೇ. ಹೊಸ ಗಾಜು ಹಾಕಬೇಕೆಂದರೆ ಅವಳು ಗಾಜು ಹಾಕುವಳು, ಅಷ್ಟೇ. ಒಳಗೇನಿದೆ ಎಂದು ತೆರೆದು ನೋಡಿದವಳಲ್ಲ. ಫೋನು ವಾಪಸು ಕೊಡುವಾಗ, "ನೀವೇ ಆನ್ ಮಾಡಿ ನೋಡ್ಕೊಳ್ಳಿ, ನಾನು ಮುಟ್ಟಿಲ್ಲ" ಎನ್ನುವಳು. ಆ ಒಂದು ಮಾತಿನ ಮೇಲೆ ಅವಳ ಅಂಗಡಿ ನಿಂತಿತ್ತು.

ಅವಳ ಮನೆಯಲ್ಲಿ ಪಾರ್ಶ್ವವಾಯು ಬಡಿದು ಮಲಗಿದ್ದ ತಾಯಿ, ಅಣ್ಣ ರಾತಿಬ್, ಅವನ ಹೆಂಡತಿ ತುಮಾದಿರ್ ಇದ್ದರು. ತಾಯಿಯನ್ನು ಎತ್ತಿ ಕೂರಿಸುವುದು, ತೊಳೆಯುವುದು, ತಿನ್ನಿಸುವುದು ಎಲ್ಲ ವಿಜ್ದಾನಳದೇ. ಬೆಳಿಗ್ಗೆ ಅಷ್ಟು ಮುಗಿಸಿ ಅಂಗಡಿಗೆ ಬರುವಳು, ಮಧ್ಯಾಹ್ನ ಓಡಿಹೋಗಿ ಮತ್ತೆ ಬರುವಳು.

ಮೂವತ್ತಾರನೇ ವಯಸ್ಸಿನಲ್ಲಿ, ಇನ್ನು ಮದುವೆಯ ಮಾತೇ ಇಲ್ಲ ಎಂದು ಎಲ್ಲರೂ ಅಂದುಕೊಂಡಿದ್ದಾಗ, ಹೈಥಮನ ಮನೆಯಿಂದ ಕೇಳಿ ಬಂದರು. ಹೆಂಡತಿ ತೀರಿಕೊಂಡಿದ್ದ ಶಾಲಾ ಮೇಷ್ಟ್ರು, ಒಳ್ಳೆಯ ಮನುಷ್ಯ. ಅವನ ತಾಯಿ ಫಿದ್ದಾ ನಮ್ಮ ಓಣಿಯ ಕೊನೆಯ ಮನೆಯವಳು. ಮಾತು ಮುಗಿದು ಉಂಗುರವೂ ಬಂತು. ಆ ಚಳಿಗಾಲದಲ್ಲಿ ವಿಜ್ದಾನ್ ಸೀಮೆಎಣ್ಣೆ ಒಲೆಯ ಪಕ್ಕ ಕೂತು ಸ್ಕ್ರೂ ತಿರುಗಿಸುತ್ತಾ ಹಾಡು ಗುನುಗುವುದನ್ನು ಮೊದಲ ಸಲ ಕೇಳಿದೆ.

ನಲವತ್ತು ದಿನ ಕಳೆದಿರಲಿಲ್ಲ. ಫಿದ್ದಾ ಅಂಗಡಿಗೆ ಬಂದು ನಿಂತಳು. ಕೂರಲಿಲ್ಲ. ತನ್ನ ಫೋನನ್ನು ವಿಜ್ದಾನಳ ಮುಂದೆ ಹಿಡಿದು, "ನೀನೇ ಓದು" ಎಂದಳು.

ಗೊತ್ತಿಲ್ಲದ ನಂಬರಿನಿಂದ ಬಂದ ಸಂದೇಶ: "ನಿಮ್ಮ ಸೊಸೆಯಾಗುವವಳು ರಿಪೇರಿಗೆ ಬಂದ ಫೋನುಗಳಿಂದ ಹೆಂಗಸರ ಫೋಟೋ ತೆಗೆದು ಗಂಡಸರಿಗೆ ಕಳಿಸುತ್ತಾಳೆ. ನಿಮ್ಮ ಮಗಳ ಫೋನೂ ಅವಳ ಕೈಗೆ ಹೋಗಿತ್ತಲ್ಲ, ವಿಚಾರಿಸಿ."

"ಫಿದ್ದಮ್ಮ, ನೀವು ಇದನ್ನ ನಂಬ್ತೀರಾ?"

"ನಂಬೋದು ಬಿಡೋದು ಬೇರೆ ಮಾತು ಮಗಳೇ. ನನಗೂ ಮದುವೆಗೆ ಬಂದ ಹೆಣ್ಣುಮಗಳಿದ್ದಾಳೆ" ಎಂದು ಫಿದ್ದಾ ಉಂಗುರ ವಾಪಸು ಕೇಳಿದಳು. ವಿಜ್ದಾನ್ ಬೆರಳಿನಿಂದ ತೆಗೆದು ಕೊಟ್ಟಳು. ಆಮೇಲೆ ಆ ನಂಬರನ್ನು ತನ್ನ ಫೋನಿನಲ್ಲಿ ಬರೆದುಕೊಂಡಳು. ಹೆಸರಿನ ಜಾಗದಲ್ಲಿ "ಹಾವು" ಎಂದು ಹಾಕಿದಳು.

ಅದೇ ಸಂದೇಶ ಇನ್ನೂ ಹಲವು ಮನೆಗಳಿಗೆ ಹೋಗಿತ್ತು. ಗಿರಾಕಿಗಳು ಒಬ್ಬೊಬ್ಬರೇ ಕಡಿಮೆಯಾದರು. ವಿಜ್ದಾನ್ ದಿನಕ್ಕೆ ಹತ್ತು ಸಲ ಆ ನಂಬರಿಗೆ ಕರೆ ಮಾಡುವಳು. ಒಂದೋ ಬಂದ್, ಇಲ್ಲವೇ ಯಾರೂ ಎತ್ತುತ್ತಿರಲಿಲ್ಲ. ಕಂಪನಿಯವರು ಯಾರ ನಂಬರೆಂದು ಹೇಳಲಾಗದು ಎಂದರು. ದೊಡ್ಡ ರಸ್ತೆಯಲ್ಲಿ ಫೋನು ರಿಪೇರಿ ಮಾಡುವ ಒಬ್ಬನ ಮೇಲೆ ಅನುಮಾನಪಟ್ಟು, ಅವನ ಅಂಗಡಿಯ ಮುಂದೆ ನಿಂತು ಜಗಳವನ್ನೂ ಆಡಿ ಬಂದಳು. ಆ ಬಡಪಾಯಿಗೆ ಏನೂ ಗೊತ್ತಿರಲಿಲ್ಲ.

ಅತ್ತಿಗೆ ತುಮಾದಿರ್ ಮಾತ್ರ ಆ ದಿನಗಳಲ್ಲಿ ಅವಳ ಪಕ್ಕ ಕೂತು ತಲೆ ಸವರುತ್ತಿದ್ದಳು. "ಬಿಡೇ, ಯಾರದೋ ಹೊಟ್ಟೆಕಿಚ್ಚು. ನಿನಗೆ ನಾವಿಲ್ವಾ? ಈ ಮನೆ ನಿಂದಲ್ವಾ?" ಎನ್ನುತ್ತಿದ್ದಳಂತೆ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ನಾನು ಅವಳ ಅಂಗಡಿಯಲ್ಲೇ ಚಹಾ ಕುಡಿಯುತ್ತಾ ಕೂತಿದ್ದೆ. ಮೇಜಿನ ಮೇಲಿದ್ದ ಅವಳ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಬಂದ ಹೆಸರು ನನಗೂ ಕಾಣಿಸಿತು: ಹಾವು.

ವಿಜ್ದಾನ್ ಎತ್ತಿಕೊಂಡಳು. ಆಚೆಯಿಂದ ದನಿ ನನಗೂ ಕೇಳುವಷ್ಟು ಜೋರಾಗಿತ್ತು.

"ವಿಜ್ದಾನ್, ಬರ್ತಾ ಎರಡು ಕಿಲೋ ಬದನೆಕಾಯಿ ತಗೊಂಡು ಬಾ. ಚಿಕ್ಕವು ನೋಡು, ಎಣ್ಣೇಲಿ ಹಾಕಿಡೋ ಮಕ್ದೂಸ್‌ಗೆ. ಕೇಳಿಸ್ತಾ? ಮಾತಾಡೇ!"

ತುಮಾದಿರ್.

ವಿಜ್ದಾನಳ ಮುಖ ಮೊದಲು ಕೆಂಪಾಯಿತು, ಆಮೇಲೆ ಬಣ್ಣವೇ ಇಳಿದುಹೋಯಿತು. ಬಾಯಿಂದ ಬಂದದ್ದು ಮಾತ್ರ ದಿನವೂ ಆಡುವ ಮಾತು: "ಕೇಳಿಸ್ತು ಅತ್ತಿಗೆ. ತರ್ತೀನಿ."

ಫೋನು ಕೆಳಗಿಟ್ಟು ಅವಳು ನನಗೆ ಹೇಳಿದ್ದು ಇಷ್ಟು. ಹಿಂದಿನ ವರ್ಷ ತುಮಾದಿರ್ ವಿಜ್ದಾನಳ ಫೋನನ್ನು ನೋಡಿ ಬೆರಗಾಗಿದ್ದಳು. ಅಂಗಡಿಯ ನಂಬರು ಫೋನಿನೊಳಗೆ ತೂರಿಸುವ ಸಿಮ್ ಕಾರ್ಡಿನದು, ಮನೆಯ ನಂಬರು ಇ-ಸಿಮ್; ಒಂದೇ ಫೋನಿನಲ್ಲಿ ಎರಡೂ. "ಎರಡನೇ ಸಿಮ್ಮು ಎಲ್ಲಿದೆ, ತೋರ್ಸು" ಎಂದಿದ್ದಳು. "ತೋರಿಸೋಕೆ ಕಾರ್ಡೇ ಇಲ್ಲ ಅತ್ತಿಗೆ. ಕಂಪನಿಯವರು ಒಂದು ಚೌಕದ ಚಿತ್ರ ಕೊಡ್ತಾರೆ, ಫೋನಿಗೆ ಅದನ್ನ ತೋರಿಸಿದ್ರೆ ನಂಬರು ಒಳಗೇ ಕೂತ್ಕೊಳ್ಳುತ್ತೆ. ಬೇಕಾದಾಗ ಆನ್, ಬೇಡವಾದಾಗ ಆಫ್. ಕರೆ ಮಾಡೋವಾಗ ಮಾತ್ರ ಯಾವ ನಂಬರಿಂದ ಹೋಗ್ತಿದೆ ನೋಡ್ಕೋಬೇಕು" ಎಂದು ಇವಳೇ ಕೂತು ಕಲಿಸಿದ್ದಳು. ಉಳಿದದ್ದು ಆಮೇಲೆ ಗೊತ್ತಾಯಿತು: ತುಮಾದಿರ್ ಸದ್ದಿಲ್ಲದೆ ತನ್ನ ತಂಗಿಯ ಹೆಸರಿನಲ್ಲಿ ಒಂದನ್ನು ತೆಗೆದುಕೊಂಡಿದ್ದಳು. ಆ ದಿನ ಯಾರಿಗೋ ವಿಷದ ಸಂದೇಶ ಕಳಿಸಿ, ಫೋನನ್ನು ಮೊದಲಿನ ನಂಬರಿಗೆ ತಿರುಗಿಸುವುದನ್ನು ಮರೆತಿದ್ದಳು.

"ಈಗಲೇ ಹೋಗಿ ಅಣ್ಣನಿಗೆ ಹೇಳು" ಎಂದೆ.

"ಹೇಳಿದ್ರೆ? ಅಳ್ತಾಳೆ, ನಾನಲ್ಲ ಅಂತಾಳೆ, ಅಣ್ಣ ಬಾಗಿಲು ಹಾಕಿ 'ಮನೆ ಮಾತು ಮನೇಲಿರ್ಲಿ' ಅಂತಾನೆ. ಅಕ್ಕಾ, ಅವಳು ನನ್ನ ಮಾನ ತೆಗೆದದ್ದು ಬಾಗಿಲು ಹಾಕ್ಕೊಂಡಲ್ಲ" ಎಂದಳು ವಿಜ್ದಾನ್.

ಅಂದು ಸಂಜೆ ಬದನೆಕಾಯಿ ಕೊಂಡುಹೋದಳು. ಚಿಕ್ಕವನ್ನೇ ಆರಿಸಿ.

ಎರಡು ತಿಂಗಳು ಕಾದಳು. ಅದೇ ಅಡುಗೆಮನೆಯಲ್ಲಿ ತುಮಾದಿರಳ ಪಕ್ಕ ನಿಂತು ಆ ಬದನೆಕಾಯಿ ಬೇಯಿಸಿದಳು, ಅಕ್ರೋಟು ತುಂಬಿದಳು, ಎಣ್ಣೆಯ ಜಾಡಿಗೆ ಜೋಡಿಸಿದಳು. ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ. ನಾನಾಗಿದ್ದರೆ ಮೊದಲ ದಿನವೇ ಜಾಡಿ ಎತ್ತಿ ತಲೆಗೆ ಹೊಡೆಯುತ್ತಿದ್ದೆ.

ಜೂನ್‌ನಲ್ಲಿ ತುಮಾದಿರ್ ಮಕ್ಕಾಗೆ ಉಮ್ರಾ ಯಾತ್ರೆ ಹೋಗಿಬಂದಳು. ನೋಡಲು ಬರುವವರಿಗೆಂದು ಗುರುವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ಹೆಂಗಸರ ಕೂಟ ಇಟ್ಟುಕೊಂಡಳು. ಅದರ ಹಿಂದಿನ ದಿನ ಅಂಗಡಿಗೆ ಬಂದು, "ಫೋನ್ ತುಂಬಿಹೋಗಿದೆ ಕಣೇ. ಯಾತ್ರೆ ಫೋಟೋಗಳನ್ನ ಬೇರೆ ಕಡೆ ತೆಗೆದಿಟ್ಟು ಖಾಲಿ ಮಾಡಿಕೊಡು" ಎಂದು ಕೊಟ್ಟುಹೋದಳು. ಎರಡನೇ ನಂಬರನ್ನು ಬಂದ್ ಮಾಡಿಟ್ಟಿದ್ದೇನೆಂಬ ಧೈರ್ಯ.

ಹನ್ನೊಂದು ವರ್ಷದಲ್ಲಿ ವಿಜ್ದಾನ್ ಮಾಡದಿದ್ದ ಕೆಲಸವನ್ನು ಅಂದು ಮಾಡಿದಳು. ತೆರೆಯಬಾರದ್ದನ್ನು ತೆರೆದಳು. ಹತ್ತೊಂಬತ್ತು ಮನೆಗಳಿಗೆ ಹೋದ ಸಂದೇಶಗಳನ್ನು ಒಂದೊಂದಾಗಿ ಓದಿ, ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡಳು. ಆಮೇಲೆ ಎರಡನೇ ನಂಬರನ್ನು ಆನ್ ಮಾಡಿ, ಗಂಟೆಯ ಸದ್ದನ್ನು ಪೂರ್ತಿ ಏರಿಸಿ, ಫೋಟೋಗಳ ಕೆಲಸವನ್ನೂ ಅಚ್ಚುಕಟ್ಟಾಗಿ ಮುಗಿಸಿ ಸಂಜೆ ಮನೆಗೆ ಒಯ್ದು ಕೊಟ್ಟಳು. "ನೀವೇ ನೋಡ್ಕೊಳ್ಳಿ" ಎಂದು ಮಾತ್ರ ಹೇಳಲಿಲ್ಲ.

ಕೂಟಕ್ಕೆ ನಾನೂ ಸೇರಿ ಮೂವತ್ತು ಮೂವತ್ತೈದು ಹೆಂಗಸರು ಬಂದಿದ್ದರು. ತುಮಾದಿರ್ ಬಿಳಿ ಉಡುಪಿನಲ್ಲಿ ನಡುವೆ ಕೂತು ಖರ್ಜೂರ, ಮಕ್ಕಾದಿಂದ ತಂದ ಜಮ್‌ಜಮ್ ನೀರು ಹಂಚುತ್ತಿದ್ದಳು. ಅವಳ ಫೋನನ್ನು ದೊಡ್ಡ ಸ್ಪೀಕರಿಗೆ ಜೋಡಿಸಿ ಭಕ್ತಿಗೀತೆ ಹಾಕಿ ಟಿವಿಯ ಪಕ್ಕ ಇಟ್ಟಿದ್ದರು. ಫಿದ್ದಾ ಕೂಡ ಬಂದಿದ್ದಳು. ಸಂಬಂಧ ಮುರಿದ ಮೇಲೆ ತುಮಾದಿರ್ ಆ ಮನೆಯ ಜೊತೆ ಇನ್ನಷ್ಟು ಹತ್ತಿರವಾಗಿದ್ದಳು.

ಎಲ್ಲರಿಗೂ ನೀರು ಮುಟ್ಟಿದ ಮೇಲೆ ವಿಜ್ದಾನ್ ಎದ್ದು ನಿಂತಳು.

"ಫಿದ್ದಮ್ಮ, ನನ್ನ ಬಗ್ಗೆ ನಿಮಗೆ ಬರೆದವರ ನಂಬರು ಇನ್ನೂ ಇದೆಯಾ?"

"ಈಗ್ಯಾಕೆ ಆ ಮಾತು ಮಗಳೇ, ಪುಣ್ಯದ ದಿನ" ಎಂದಳು ಫಿದ್ದಾ.

"ಪುಣ್ಯದ ದಿನಾನೇ ಆಗ್ಬೇಕು. ಒಂದು ಸಲ ಕರೆ ಮಾಡಿ."

"ವಿಜ್ದಾನ್, ಕೂತ್ಕೋ!" ಎಂದಳು ತುಮಾದಿರ್. ಅವಳ ಕೈ ಟಿವಿಯ ಕಡೆ ಹೋಗುವಷ್ಟರಲ್ಲಿ ಫಿದ್ದಾ ನಂಬರು ಒತ್ತಿಯಾಗಿತ್ತು. ಹಾಡು ನಿಂತಿತು. ಸ್ಪೀಕರಿನಿಂದ ಗಂಟೆ ಮೊಳಗಿತು, ಗೋಡೆ ನಡುಗುವ ಹಾಗೆ.

ಟಿವಿಯ ಪಕ್ಕ ಕೂತಿದ್ದ ಒಬ್ಬ ಅಜ್ಜಿ, ಏನೂ ತಿಳಿಯದವಳು, ಕನ್ನಡಕ ಸರಿಮಾಡಿಕೊಂಡು ಪರದೆ ಓದಿದಳು: "ತುಮಾದಿರ್, ಫಿದ್ದಾ ಫೋನ್ ಮಾಡ್ತಿದಾಳೆ ನೋಡು... ಅಯ್ಯೋ, ಫಿದ್ದಾ ಇಲ್ಲೇ ಕೂತಿದಾಳಲ್ಲ!"

ಯಾರೂ ನಗಲಿಲ್ಲ. ಫಿದ್ದಾ ಕರೆ ಕಡಿದು ಮತ್ತೆ ಒತ್ತಿದಳು. ಮತ್ತೆ ಗಂಟೆ. ಮೂರನೇ ಸಲವೂ ಅದೇ ಗಂಟೆ.

"ಎತ್ಕೊಳ್ಳಿ ಅತ್ತಿಗೆ. ನನ್ನ ಹತ್ರ ಮಾತಾಡಿದ ಹಾಗೇ ಮಾತಾಡಿ. ಬದನೆಕಾಯಿ ತರೋಕೆ ಹೇಳಿ" ಎಂದಳು ವಿಜ್ದಾನ್.

ತುಮಾದಿರ್ ಫೋನು ಕಿತ್ತುಕೊಂಡು ಆಫ್ ಮಾಡಿದಳು. ಹೆಂಗಸರು ಚಪ್ಪಲಿ ಹುಡುಕತೊಡಗಿದರು. ಕೊಟ್ಟ ಖರ್ಜೂರವನ್ನು ಹಲವರು ತಟ್ಟೆಯಲ್ಲೇ ಬಿಟ್ಟುಹೋದರು.

ಮರುದಿನ ರಾತಿಬ್ ಅಂಗಡಿಗೆ ನುಗ್ಗಿದ. "ಅಷ್ಟು ಹೆಂಗಸರ ಮುಂದೆ ಮನೆ ಮಾನ ಬೀದಿಗೆ ಹಾಕಿದ್ಯಲ್ಲೇ! ನನಗೆ ಹೇಳಬಾರದಿತ್ತಾ?"

"ನನ್ನ ಮಾನ ಬೀದಿಗೆ ಬಿದ್ದಾಗ ನೀನು ಊಟ ಮಾಡ್ತಾ ಕೂತಿದ್ದೆ ಅಣ್ಣ" ಎಂದಳು. ಆ ವಾರ ಅವನು ಹೆಂಡತಿಯನ್ನು ಅಜ್ಲೂನ್ ಊರಿನ ತವರಿಗೆ ಕಳಿಸಿದ.

ಮೂರು ವಾರಕ್ಕೆ ತುಮಾದಿರ್ ಒಬ್ಬಳೇ ವಿಜ್ದಾನಳ ಅಂಗಡಿಗೆ ಬಂದಳು. ಅಣ್ಣನಿಗೆ ಹೇಳಿ ತನ್ನನ್ನು ಮನೆಗೆ ಕರೆಸಿಕೊಳ್ಳಬೇಕೆಂದು ಬೇಡಿದಳು. ವಿಜ್ದಾನ್ ಗೋಡೆ ತಟ್ಟಿ ನನ್ನನ್ನು ಸಾಕ್ಷಿಗೆ ಕರೆದಳು.

"ಯಾಕೆ ಮಾಡಿದ್ರಿ?"

"ನೀನು ಹೋದ್ರೆ ಅತ್ತೇನ ಯಾರು ಎತ್ತಬೇಕಿತ್ತು? ನನ್ನ ಬೆನ್ನು ಹೇಗಿದೆ ಅಂತ ನಿನಗೆ ಗೊತ್ತಲ್ಲ. ನನಗೆ ದಿಕ್ಕೇ ತೋಚಲಿಲ್ಲ ಕಣೇ."

"ಅಮ್ಮ ನನ್ನ ಜೊತೆ ಬರೋದು ಅಂತ ಮಾತಾಗಿತ್ತು ಅತ್ತಿಗೆ. ಹೈಥಮ್ ಒಂದು ಕೋಣೆಗೆ ಸುಣ್ಣಾನೂ ಹೊಡೆಸಿದ್ದ. ಕೇಳಿದ್ರೆ ಹೇಳ್ತಿದ್ದೆ."

ವಿಜ್ದಾನ್ ಚೀಟಿಯನ್ನು ತೆಗೆದು ತುಮಾದಿರಳ ಮುಂದಿಟ್ಟಳು. ಹತ್ತೊಂಬತ್ತು ಹೆಸರು.

"ಇಷ್ಟು ಮನೆಗೂ ಫೋನ್ ಮಾಡಿ. ನಿಮ್ಮ ಎರಡನೇ ನಂಬರಿಂದಲೇ. ಸ್ಪೀಕರ್ ಹಾಕಿ. ಹೆಸರು ಹೇಳಿ, ಬರೆದದ್ದು ನಾನು ಅನ್ನಿ, ಸುಳ್ಳು ಅನ್ನಿ. ಆಮೇಲೆ ಅಣ್ಣನಿಗೆ ನಾನು ಹೇಳ್ತೀನಿ."

ಹಾಗೇ ನಡೆಯಿತು. ಕೆಲವರು ಬೈದರು. ಒಬ್ಬಳು "ಥೂ" ಎಂದದ್ದು ಅಂಗಡಿ ತುಂಬ ಕೇಳಿಸಿತು. ಏಳನೆಯ ಕರೆ ಮುಗಿದಾಗ ತುಮಾದಿರ್ ಬಿಕ್ಕಿ ಬಿಕ್ಕಿ ಅಳತೊಡಗಿದಳು. ನಾನೇ, "ಸಾಕು ಬಿಡು ವಿಜ್ದಾನ್" ಎಂದೆ. ವಿಜ್ದಾನ್ ಒಂದು ಲೋಟ ನೀರು ತಂದು ಅವಳ ಮುಂದಿಟ್ಟು, ಕುಡಿಯುವವರೆಗೆ ಕಾದು ಹೇಳಿದಳು: "ಎಂಟನೇದು."

ಹತ್ತೊಂಬತ್ತೂ ಮುಗಿದವು. ಅಂದು ಸಂಜೆ ವಿಜ್ದಾನ್ ಕೊಟ್ಟ ಮಾತಿನಂತೆ ಅಣ್ಣನಿಗೆ ಹೇಳಿದಳು, ತುಮಾದಿರ್ ಮನೆಗೆ ಮರಳಿದಳು. ಮರುದಿನವೇ ವಿಜ್ದಾನ್ ತಾಯಿಯನ್ನು ಕರೆದುಕೊಂಡು, ಅಂಗಡಿಯ ಮೇಲಿದ್ದ ಎರಡು ಕೋಣೆ ಬಾಡಿಗೆಗೆ ಹಿಡಿದು, ಆ ಮನೆ ಬಿಟ್ಟಳು.

ಫಿದ್ದಾ ಒಮ್ಮೆ ಉಂಗುರದ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದಳು. "ಹೆಸರಿಲ್ಲದ ನಂಬರಿನ ಮಾತಿಗೆ ಉಂಗುರ ಕಿತ್ತುಕೊಂಡವರು ನೀವು ಫಿದ್ದಮ್ಮ. ನಾಳೆ ಇನ್ನೊಂದು ನಂಬರಿಂದ ಬಂದ್ರೆ?" ಎಂದು ಬಾಗಿಲಲ್ಲೇ ಕಳಿಸಿದಳು. ಹೈಥಮನ ಹೆಸರನ್ನು ಆಮೇಲೆ ಅವಳ ಬಾಯಲ್ಲಿ ನಾನು ಕೇಳಲಿಲ್ಲ.

ಗಿರಾಕಿಗಳು ಬಂದರು, ಎಲ್ಲರೂ ಅಲ್ಲ. ಹಳೆಯ ಗಿರಾಕಿಯಾಗಿದ್ದ ಒಬ್ಬ ಟೀಚರು ನನ್ನ ಅಂಗಡಿಯಲ್ಲಿ ಗುಂಡಿ ಆರಿಸುತ್ತಾ, "ಅವಳ ಅತ್ತಿಗೆ ಮಾಡಿದ್ದು ತಪ್ಪೇ. ಆದ್ರೂ ಇವಳು ಆ ಫೋನನ್ನ ತೆರೆದು ನೋಡಿದ್ಲು ತಾನೇ?" ಎಂದಳು. ಗೋಡೆಯಾಚೆ ಸ್ಕ್ರೂ ತಿರುಗಿಸುವ ಸದ್ದು ನಿಂತದ್ದು ನನಗೆ ತಿಳಿಯಿತು. ಒಮ್ಮೆ ನಾನೇ ವಿಜ್ದಾನಳನ್ನು, "ಈಗಲಾದ್ರೂ ಮನಸ್ಸು ತಣ್ಣಗಾಯ್ತಾ?" ಎಂದು ಕೇಳಿದೆ. "ಸಿಟ್ಟು ಹೋದ್ರೆ ನನ್ನ ಹತ್ರ ಇನ್ನೇನಿರುತ್ತೆ ಅಕ್ಕಾ?" ಎಂದಳು.

ಮುಂದಿನ ವರ್ಷ ಆಲಿವ್ ಕೊಯ್ಲಿನ ಹೊತ್ತಿಗೆ ತಾಯಿ ತೀರಿಕೊಂಡಳು. ಮೂರು ದಿನ ಹೆಂಗಸರು ಬಂದು ಕೂತರು. ಎರಡನೆಯ ದಿನ ತುಮಾದಿರ್ ಬಂದಳು. ಕಪ್ಪು ಉಡುಪು, ಬೆನ್ನು ಇನ್ನಷ್ಟು ಬಾಗಿತ್ತು. ವಿಜ್ದಾನ್ ಕಹಿ ಕಾಫಿಯ ಹೂಜಿ ಹಿಡಿದು ಸಾಲಿನಲ್ಲಿ ಒಬ್ಬೊಬ್ಬರಿಗೂ ಬಟ್ಟಲು ಕೊಡುತ್ತಾ ಬಂದಳು. ಸಾವಿನ ಮನೆಯಲ್ಲಿ ಶತ್ರುವಿಗೂ ತಪ್ಪಿಸದ ಕಾಫಿ ಅದು. ತುಮಾದಿರ್ ಕೈ ಚಾಚಿದಳು. ವಿಜ್ದಾನ್ ಆ ಕೈಯನ್ನು ನೋಡಿದಳು, ದಾಟಿದಳು, ಮುಂದಿನವಳಿಗೆ ಬಗ್ಗಿಸಿದಳು. ಇಡೀ ಕೋಣೆ ನೋಡಿತು.

ನನಗೆ ತಡೆಯಲಾಗಲಿಲ್ಲ. ಎದ್ದು ನನ್ನ ಬಟ್ಟಲನ್ನೇ ತುಮಾದಿರಳ ಕೈಗೆ ಕೊಟ್ಟೆ. ಅವಳು ತಲೆ ಎತ್ತದೆ ಕುಡಿದಳು.

ಅದಕ್ಕಾಗಿ ವಿಜ್ದಾನ್ ಎಂಟು ದಿನ ನನ್ನ ಜೊತೆ ಮಾತು ಬಿಟ್ಟಳು. ಒಂಬತ್ತನೆಯ ದಿನ ನನ್ನ ಅಂಗಡಿಗೆ ಬಂದು, ಮುಖ ನೋಡದೆ, ಕಪ್ಪು ದಾರದ ಒಂದು ಉಂಡೆ ಕೇಳಿದಳು.