ಚಿಂತಾಮಣಿಯಲ್ಲಿ ಕೈಯಿಂದ ಮಾಡಿಸಿದ ಆಂಪ್ಲಿಫೈಯರ್

ಕೈಯಿಂದ ಮಾಡಿದ ಆಂಪ್ಲಿಫೈಯರ್‌ಗೆ ಅಷ್ಟು ದುಡ್ಡು ಸುರಿಯಬೇಕೆ, ಅಂಗಡಿಯಲ್ಲಿ ಸಿಗುವ ಕಂಪನಿ ಮಾಲು ಸಾಲದೆ ಎಂದು ಗಿಟಾರ್ ಕಲಿಯುವವರು ಈಗಲೂ ನನ್ನನ್ನು ಕೇಳುತ್ತಾರೆ. ನಾನು ಗಿಟಾರ್ ನುಡಿಸುವವನಲ್ಲ, ಹಾರ್ಮೋನಿಯಂನವನು. ಆದರೆ ಅರವತ್ತರ ದಶಕದ ಮೊದಲ ವರ್ಷಗಳಲ್ಲಿ, ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ, ಇದೇ ವಿಷಯಕ್ಕೆ ಆರು ತಿಂಗಳು ಜಗಳ ನಡೆದಿತ್ತು. ಬೇಡ ಬೇಡ ಎಂದು ಬಾಯಿ ಬಡಿದುಕೊಂಡವನು ನಾನೇ. ಆಗ ನಾನು ಕೊಟ್ಟ ಕಾರಣಗಳೆಲ್ಲ ಸರಿಯಾಗಿಯೇ ಇದ್ದವು. ನಿಜವಾದ ಕಾರಣ ಮಾತ್ರ ಬೇರೆ ಇತ್ತು.

ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. ಶಿಡ್ಲಘಟ್ಟದ ಒಂದು ಕಚೇರಿಯಲ್ಲಿ ಗುಮಾಸ್ತ. ಬೆಳಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿ ಮೇಷ್ಟ್ರ ಕೆಲಸಕ್ಕೆ ಸೇರಿಸಿದವನು ಅವನೇ. ನನಗೆ ಅವನೆಂದರೆ ಪ್ರಾಣ. ಅಷ್ಟೇ ಭಯ ಕೂಡ. ಮದುವೆಯಾಗುವವರೆಗೆ ಊರಿನ ಪೌರಾಣಿಕ ನಾಟಕಗಳಲ್ಲಿ ರಾಜನ ಪಾತ್ರ ಹಾಕುತ್ತಿದ್ದ. ಆಮೇಲೆ ಅದನ್ನು ಬಿಟ್ಟು, ಬೆಂಗಳೂರಿನಲ್ಲಿ ಒಂದು ಹಳೆಯ ಹವಾಯಿಯನ್ ಗಿಟಾರ್ ಕೊಂಡ. ತೊಡೆಯ ಮೇಲೆ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ಕಡ್ಡಿ ಹಿಡಿದು ತಂತಿಯ ಮೇಲೆ ಜಾರಿಸುತ್ತಾ ನುಡಿಸುವ ಗಿಟಾರ್ ಅದು. ಯಾರೋ ಒಬ್ಬರ ಬಳಿ ಆರು ಭಾನುವಾರ ಪಾಠ ಹೇಳಿಸಿಕೊಂಡ. ಏಳನೆಯ ಭಾನುವಾರದಿಂದ ತಾನೇ ವಿದ್ವಾಂಸ. ಮದುವೆಗಳಲ್ಲಿ ಅವನು ಗಿಟಾರ್ ಹಿಡಿದು ಕೂತರೆ, ಪಕ್ಕದಲ್ಲಿ ನಾನು ಹಾರ್ಮೋನಿಯಂ.

ಅವನ ನುಡಿಸಾಣಿಕೆ ಶ್ರುತಿ ಸೇರುತ್ತಿರಲಿಲ್ಲ. ಈಗ ಬರೆಯುವುದು ಸುಲಭ, ಆಗ ಮನಸ್ಸಿನಲ್ಲಿ ಅಂದುಕೊಳ್ಳುವುದಕ್ಕೂ ಹೆದರಿಕೆ. ಕೆಳಗಿನ ಸ್ವರಗಳು ಹೇಗೋ ನಡೆದುಹೋಗುತ್ತಿದ್ದವು. ಮೇಲಿನ ಷಡ್ಜಕ್ಕೆ ಹೋದನೆಂದರೆ ಪ್ರತಿ ಸಲವೂ ಒಂದು ಎಳೆ ಕೆಳಗೇ ನಿಂತುಬಿಡುತ್ತಿದ್ದ. ಪಕ್ಕದಲ್ಲಿ ಕೂತ ನನಗೆ ಅನ್ನದಲ್ಲಿ ಕಲ್ಲು ಕಡಿದಂತಾಗುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಅಣ್ಣ ಕೈ ಹಾಕುವ ಮುಂಚೆ ನಾನು ತಟ್ಟೆಗೆ ಕೈ ಹಾಕಿದವನಲ್ಲ. ಅವನ ಮುಖಕ್ಕೆ ‘ನಿನ್ನ ಸ್ವರ ಕಮ್ಮಿ’ ಎನ್ನುವುದು ಹೇಗೆ? ಅವನು ಮೇಲಕ್ಕೆ ಹೊರಟ ಎಂದು ಗೊತ್ತಾದ ಕೂಡಲೇ ನಾನು ತಿದಿಯನ್ನು ಜೋರಾಗಿ ಒತ್ತಿ, ಅದೇ ಸ್ವರವನ್ನು ಹಾರ್ಮೋನಿಯಂನಲ್ಲಿ ಅವನ ಸ್ವರದ ಮೇಲೆ ಹೊದಿಸಿಬಿಡುತ್ತಿದ್ದೆ. ಆರು ವರ್ಷ ಹೀಗೇ ಹೊದಿಸಿದೆ.

ಈ ಕೆಲಸದಲ್ಲಿ ನನಗೆ ಜೊತೆಯಾಗಿದ್ದದ್ದು ಬೆಂಗಳೂರಿನಿಂದ ತಂದ ಕಂಪನಿ ಆಂಪ್ಲಿಫೈಯರ್. ಸಭೆಗಳಲ್ಲಿ ಭಾಷಣ ಮಾಡುವುದಕ್ಕೆಂದು ಮಾಡಿದ್ದು ಅದು. ಗಿಟಾರ್ ಸಿಕ್ಕಿಸಿದರೆ ಮೊದಲು ಗುಂಯ್ ಅನ್ನುತ್ತಿತ್ತು. ಆ ಗುಂಯ್ ಮೇಲೆ ತಂತಿಗಳು ಕರಕರ ಎನ್ನುತ್ತಾ ಹಾರ್ನ್‌ನಿಂದ ಹೊರಗೆ ಬೀಳುತ್ತಿದ್ದವು. ಅದರಲ್ಲಿ ಸ್ವರ ಒಂದೆಳೆ ಮೇಲೋ ಕೆಳಗೋ, ಯಾವ ದೇವರಿಗೂ ಗೊತ್ತಾಗುವಂತಿರಲಿಲ್ಲ. ಜನ ಅದಕ್ಕೆ ಬೈಯುತ್ತಿದ್ದರು. ನಾನು ಮನಸ್ಸಿನಲ್ಲೇ ಅದಕ್ಕೆ ಕೈ ಮುಗಿಯುತ್ತಿದ್ದೆ.

ಗೌರಿಬಿದನೂರಿನ ಒಂದು ಮದುವೆಯಲ್ಲಿ ಎಡವಟ್ಟಾಯಿತು. ಬೀಗರ ಕಡೆಯ ಹಿರಿಯರೊಬ್ಬರು ಎಲೆಯಡಿಕೆ ಹಾಕಿಕೊಳ್ಳುತ್ತಾ ಬಂದು, “ಏಂ ವಾಯಿಂಚಾಡಯ್ಯಾ!” ಎಂದು ಅಣ್ಣನ ಬೆನ್ನು ತಟ್ಟಿದರು. ಎಷ್ಟು ಚೆನ್ನಾಗಿ ನುಡಿಸಿದನಪ್ಪಾ ಎಂದು. ಊಟ ಚೆನ್ನಾಗಿದ್ದರೆ ಮದುವೆಮನೆಯಲ್ಲಿ ಎಲ್ಲರನ್ನೂ ಹೊಗಳುತ್ತಾರೆ. ಅಡುಗೆಯವನನ್ನೂ ಹೊಗಳುತ್ತಾರೆ, ವಾದ್ಯದವನನ್ನೂ ಹೊಗಳುತ್ತಾರೆ. ಅಣ್ಣ ಮಾತ್ರ ಅದನ್ನು ಗಂಟು ಕಟ್ಟಿಕೊಂಡು ಬಂದ. ಬಸ್ಸಿನಲ್ಲಿ ನನ್ನ ಕಡೆ ತಿರುಗಿ, “ಈ ಡಬ್ಬಾ ಒಂದೇ ಕಣೋ ನಂಗೆ ಅಡ್ಡಿ. ಒಳ್ಳೇ ಆಂಪ್ಲಿಫೈಯರ್ ಬಂದ ದಿನ ಕೆಲ್ಸ ಬಿಟ್ಬಿಡ್ತೀನಿ. ಸ್ವಂತ ಪಾರ್ಟಿ ಕಟ್ಟಣ” ಎಂದ.

ನಾನು ತಮಾಷೆ ಅಂದುಕೊಂಡೆ. ಆ ವಾರದಲ್ಲೇ ರಾಜೀನಾಮೆ ಕಾಗದ ಬರೆದು, ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟು, ಜೇಬಿನಲ್ಲಿಟ್ಟುಕೊಂಡು ಓಡಾಡತೊಡಗಿದ. ಅತ್ತಿಗೆಗೆ ಎರಡು ಸಣ್ಣ ಮಕ್ಕಳು, ಮೂರನೆಯದು ಹೊಟ್ಟೆಯಲ್ಲಿ. ಒಂದು ದಿನ ಒಲೆ ಮುಂದೆ ಕೂತವರು ನನ್ನನ್ನು ಕರೆದು, “ನಿನ್ ಮಾತಂದ್ರೆ ಕೇಳ್ತಾರೆ, ನೀನಾದ್ರೂ ಹೇಳಪ್ಪ. ಇವ್ರು ನುಡಿಸೋದು ಅಷ್ಟು ಚೆನ್ನಾಗಿದ್ಯಾ? ಸಂಬ್ಳ ಬಿಡೋವಷ್ಟು?” ಎಂದು ಕೇಳಿದರು. ನಾನು “ಪರ್ವಾಗಿಲ್ಲ ಅತ್ತಿಗೆ” ಎಂದು ಎದ್ದುಬಂದೆ. ನನ್ನ ಜನ್ಮದಲ್ಲಿ ನಾನಾಡಿದ ಹೇಡಿ ಮಾತುಗಳಲ್ಲಿ ಅದಕ್ಕೇ ಮೊದಲ ಸ್ಥಾನ.

ಚಿಂತಾಮಣಿಯಲ್ಲಿ ಒಬ್ಬ ಸಾಹೇಬರು ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದರು. ಯುದ್ಧದ ಕಾಲದಲ್ಲಿ ಸೈನ್ಯದಲ್ಲಿ ವೈರ್‌ಲೆಸ್ ಕೆಲಸ ಕಲಿತು ಬಂದವರು. ಕೇಳಿದವರಿಗೆ ಆಂಪ್ಲಿಫೈಯರ್ ಮಾಡಿಕೊಡುತ್ತಿದ್ದರು, ವರ್ಷಕ್ಕೆ ಎರಡೋ ಮೂರೋ. ಟ್ರಾನ್ಸ್‌ಫಾರ್ಮರ್‌ಗೆ ತಂತಿ ಸುತ್ತುವುದೂ ಅವರೇ, ತಗಡು ಕತ್ತರಿಸುವುದೂ ಅವರೇ. ಬೆಲೆ ಕಂಪನಿಯದಕ್ಕಿಂತ ಎರಡರಷ್ಟು. ಚೌಕಾಸಿಗೆ ಹೋದರೆ ನಗುತ್ತಾ, “ಬೆಂಗ್ಳೂರಲ್ಲಿ ಸಸ್ತಾ ಸಿಗ್ತದೆ, ಹೋಗಿ ತಗೊಳ್ಳಿ” ಎಂದು ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದರು. ಆ ಗತ್ತು ನೋಡಿಯೇ ಅಣ್ಣನ ಮನಸ್ಸು ಸೋತಿತು.

ನಾನು ವಾದಕ್ಕೆ ನಿಂತೆ. ಕಂಪನಿಯದು ಕೆಟ್ಟರೆ ಯಾವ ಊರಲ್ಲಾದರೂ ರಿಪೇರಿ ಆಗುತ್ತದೆ, ಇದು ಕೆಟ್ಟರೆ ಚಿಂತಾಮಣಿಗೇ ಹೊರಬೇಕು. ಸಾಹೇಬರಿಗೆ ವಯಸ್ಸಾಗಿದೆ. ಬಸ್ಸಿನ ಟಾಪಿನ ಮೇಲೆ ಹಾಕಿದರೆ ಒಳಗಿನ ಗಾಜಿನ ವಾಲ್ವುಗಳು ಉಳಿಯುವುದಿಲ್ಲ. ಮದುವೆಗೆ ಬಂದವರು ಊಟದ ಕಡೆ ನೋಡುತ್ತಾರೆಯೇ ಹೊರತು ತಂತಿಯ ನಾದ ಅಳೆಯುವುದಿಲ್ಲ. ಒಂದೊಂದೂ ಒಪ್ಪತಕ್ಕ ಮಾತೇ. ಅಣ್ಣ ಎಲ್ಲಾ ಕೇಳಿಸಿಕೊಂಡು, “ನಿಂಗೆ ನನ್ ಏಳ್ಗೆ ಕಂಡ್ರೆ ಹೊಟ್ಟೆಕಿಚ್ಚಾ?” ಎಂದ. ಅಯ್ಯೋ ಶಿವನೇ! ಆವತ್ತಿನಿಂದ ಎರಡು ದಿನ ನಾನು ಅವನ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಅವನು ಹೋಗಿ ಮುಂಗಡ ಕೊಟ್ಟುಬಂದ.

ಆಂಪ್ಲಿಫೈಯರ್ ತಯಾರಾದದ್ದು ಮೂರು ತಿಂಗಳ ಮೇಲೆ. ಒಂದು ಭಾನುವಾರ ಮಧ್ಯಾಹ್ನ ಗಿಟಾರ್, ಹಾರ್ಮೋನಿಯಂ ಎರಡನ್ನೂ ಹೊತ್ತು ಇಬ್ಬರೂ ಚಿಂತಾಮಣಿಗೆ ಹೋದೆವು. ಅಂಗಡಿಯ ಬೆಂಚಿನ ಮೇಲೆ ಅದು ಕೂತಿತ್ತು. ಮರದ ಪೆಟ್ಟಿಗೆ, ಒಳಗೆ ನಾಲ್ಕು ವಾಲ್ವು, ಹಾರ್ನ್ ಬದಲು ಒಂದು ದುಂಡನೆಯ ಸ್ಪೀಕರು. ಸ್ವಿಚ್ ಹಾಕಿದಾಗ ಗುಂಯ್ ಅನ್ನಲಿಲ್ಲ. ಕರೆಂಟು ಇಲ್ಲವೇನೋ ಎಂದು ಅಣ್ಣ ಬಗ್ಗಿ ನೋಡಿದ. ವಾಲ್ವುಗಳು ಕೆಂಪಗೆ ಉರಿಯುತ್ತಿದ್ದವು. ನಾನು ಎಂದಿನಂತೆ ಹಾರ್ಮೋನಿಯಂ ತೆರೆಯಲು ಹೋದೆ.

“ನೀವು ಸುಮ್ನಿರಿ ಮೇಷ್ಟ್ರೇ. ತಂತಿ ಒಂದೇ ಕೇಳ್ಬೇಕು ನಂಗೆ” ಎಂದರು ಸಾಹೇಬರು.

ನಾನು ಹಾರ್ಮೋನಿಯಂ ಮುಚ್ಚಿದೆ.

ಅಣ್ಣ ಶುರು ಮಾಡಿದ. ಎಂಥ ನಾದ ಅದು! ತಂತಿ ಮೀಟಿದ ಬೆರಳು, ಜಾರುವ ಕಡ್ಡಿ, ಸ್ವರ ಸಾಯುವ ಕೊನೆ, ಎಲ್ಲವೂ ತೊಳೆದಿಟ್ಟ ಹಾಗೆ ಕೇಳುತ್ತಿತ್ತು. ಅವನ ಮುಖ ಅರಳಿತು. ಮೇಲಿನ ಷಡ್ಜಕ್ಕೆ ಹೋದ. ಹೋಗಿ, ಒಂದೆಳೆ ಕೆಳಗೆ ನಿಂತ. ಆರು ವರ್ಷದಲ್ಲಿ ಮೊದಲ ಸಲ ಅವನಿಗೆ ಅವನ ಸ್ವರ ಕೇಳಿಸಿತು. ನಿಲ್ಲಿಸಿದ. ಇನ್ನೊಂದು ಸಲ ಹೋದ. ಮತ್ತೆ ಅಲ್ಲೇ.

“ಸಾಹೇಬ್ರೇ, ಇದ್ರಲ್ಲಿ ಏನೋ ದೋಷ ಇದೆ. ಸ್ವರ ಇಳಿಸ್ತಿದೆ ಇದು” ಎಂದ.

ಸಾಹೇಬರಿಗೆ ಕೋಪ ಬಂತು. “ಸ್ವರ ಇಳ್ಸೋ ಮೆಷೀನು ದುನಿಯಾದಲ್ಲಿ ಯಾರೂ ಮಾಡಿಲ್ಲ ಸ್ವಾಮಿ. ಕಡ್ಡಿ ತೆಗೀರಿ, ಬರೀ ತಂತಿ ಮೀಟಿ” ಎಂದರು. ಅಣ್ಣ ಮೀಟಿದ. ತಂತಿ ಸರಿಯಾಗಿಯೇ ಇತ್ತು. ಸಾಹೇಬರು ಕನ್ನಡಕ ಹಣೆಗೇರಿಸಿ ಅವನನ್ನು ಇನ್ನೊಂದು ಸಲ ನುಡಿಸಲು ಹೇಳಿ ನೋಡಿದರು. “ನೀವು ಬೀದಿ ನೋಡ್ಕೊಂಡು ನುಡಿಸ್ತೀರಿ. ಕೈ ನೋಡೋದೇ ಇಲ್ಲ. ನಾನು ಬೆಸುಗೆ ಹಾಕೋವಾಗ ಬೀದಿ ನೋಡಿದ್ರೆ ಬೆರಳು ಸುಟ್ಕೋತೀನಿ” ಎಂದರು.

ಅಷ್ಟು ವರ್ಷ ಪಕ್ಕದಲ್ಲಿ ಕೂತ ನನಗೆ ಅದು ಹೊಳೆದಿರಲಿಲ್ಲ. ನಮ್ಮ ಕಡೆ ನಾಟಕದ ಮೇಷ್ಟ್ರು ರಾಜನ ಪಾತ್ರದವನಿಗೆ ಕಲಿಸುವ ಮೊದಲ ಪಾಠವೇ ತಲೆ ತಗ್ಗಿಸಬೇಡ ಎನ್ನುವುದು. ತಗ್ಗಿಸಿದರೆ ಕಿರೀಟ ಜಾರುತ್ತದೆ, ಜನ ನಗುತ್ತಾರೆ. ಬೆನ್ನಿಗೆ ಬೆತ್ತದ ಏಟು ಕೊಟ್ಟು ಕಲಿಸುತ್ತಿದ್ದರು. ಅಣ್ಣ ಗಿಟಾರ್ ನುಡಿಸುವಾಗಲೂ ಗದ್ದ ಮೇಲೆತ್ತಿ, ಜನರನ್ನು ನೋಡಿ ನಗುತ್ತಾ, ಅಂದಾಜಿನ ಮೇಲೆ ಕಡ್ಡಿ ಜಾರಿಸುತ್ತಿದ್ದ. ತೊಡೆಯ ಮೇಲಿನ ಗಿಟಾರಿನಲ್ಲಿ ಸ್ವರದ ಜಾಗ ತೋರಿಸುವ ಅಡ್ಡಗೆರೆಗಳನ್ನು ಬಗ್ಗಿ ನೋಡುವುದು ಅವನಿಗೆ ಸೋತ ರಾಜನ ಲಕ್ಷಣ. ಹೀಗಾಗಿ ಪ್ರತಿ ಸಲವೂ ಕೈ ಗೆರೆಗಿಂತ ಒಂದು ಕೂದಲು ಹಿಂದೆಯೇ ನಿಲ್ಲುತ್ತಿತ್ತು.

ಅವನು ಉಳಿದ ದುಡ್ಡು ಕೊಟ್ಟು, ಪೆಟ್ಟಿಗೆಯನ್ನು ಟಾಪಿಗೆ ಹಾಕದೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತ. ಶಿಡ್ಲಘಟ್ಟ ದಾಟಿದ ಮೇಲೆ ಕಿಟಕಿಯ ಕಡೆ ನೋಡುತ್ತಲೇ ಕೇಳಿದ: “ನಿಂಗೆ ಗೊತ್ತಿತ್ತೇನೋ?”

“ಗೊತ್ತಿತ್ತಣ್ಣ.”

“ಯಾವಾಗಿಂದ?”

“ಮೊದಲ್ನಿಂದ್ಲೂ.”

“ಆರು ವರ್ಷ ಜನದ ಮುಂದೆ ಹಂಗೇ ಕೂರಿಸಿದ್ಯಲ್ಲೋ ನನ್ನ” ಎಂದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನ ಮರ್ಯಾದೆ ಉಳಿಸುತ್ತಿದ್ದೇನೆ ಎಂದು ನಾನು ಅಂದುಕೊಂಡಿದ್ದೆ. ಅವನ ಮರ್ಯಾದೆಯನ್ನು ನಾನೇ ಊರೂರಿಗೆ ಹೊತ್ತು ಕಳೆದಿದ್ದೆ. ನಾಚಿಕೆಯಿಂದ ಸತ್ತುಹೋಗುವಂತಾಯಿತು.

ಜೇಬಿನ ಕಾಗದವನ್ನು ಅವನು ಎಲ್ಲಿ ಹರಿದು ಹಾಕಿದನೋ ನಾನು ನೋಡಲಿಲ್ಲ. ಸೋಮವಾರ ಎಂದಿನ ಬಸ್ಸಿಗೇ ಕಚೇರಿಗೆ ಹೋದ, ನಿವೃತ್ತಿಯಾಗುವವರೆಗೂ ಹೋದ. ಹೊಸ ಆಂಪ್ಲಿಫೈಯರ್ ಇಟ್ಟುಕೊಂಡು ಮದುವೆಗಳಲ್ಲಿ ನುಡಿಸಿದೆವು, ಜಂಗಮಕೋಟೆಯಲ್ಲಿ, ಮುರುಗಮಲ್ಲದಲ್ಲಿ. ಯಾರೊಬ್ಬರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಸೌಂಡು ಮೊದಲಿನಷ್ಟು ದೂರ ಹೋಗುವುದಿಲ್ಲ ಎಂದು ಒಂದಿಬ್ಬರು ದೂರಿದರು ಕೂಡ. ಆದ್ದರಿಂದ ಮದುವೆಮನೆಗಾಗಿ ಎರಡರಷ್ಟು ದುಡ್ಡು ಕೊಡಬೇಕೆ ಎಂದು ಕೇಳುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ. ಅಷ್ಟರ ಮಟ್ಟಿಗೆ ನನ್ನ ವಾದ ಗೆದ್ದಿತು.

ಚಿಂತಾಮಣಿಯಿಂದ ಬಂದ ಆ ಸಂಜೆಯ ಲೆಕ್ಕ ಬೇರೆ. ದೀಪ ಹಚ್ಚುವ ಹೊತ್ತು. ಅಣ್ಣ ಕೈಕಾಲು ತೊಳೆದು ಬಂದು ನಡುಮನೆಯಲ್ಲಿ ಪೆಟ್ಟಿಗೆ ಇಳಿಸಿ, ವೈರು ಸಿಕ್ಕಿಸಿದ. ಗಿಟಾರ್ ತೊಡೆಯ ಮೇಲೆ ಇಟ್ಟುಕೊಂಡು, “ಹಾರ್ಮೋನಿಯಂ ಒಂದು ಸಲ ಒತ್ತು, ಆಮೇಲೆ ಕೈ ತೆಗಿ” ಎಂದ. ಒತ್ತಿ ತೆಗೆದೆ. ಅವನು ಕತ್ತು ಬಗ್ಗಿಸಿದ. ಅವನ ನೆತ್ತಿಯ ಕೂದಲು ತೆಳ್ಳಗಾಗಿದ್ದನ್ನು ನಾನು ಕಂಡದ್ದು ಆಗಲೇ. ಕಡ್ಡಿ ಮೇಲಕ್ಕೆ ಜಾರಿತು.

“ಈಗ?”

ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಕಮ್ಮಿ ಅಣ್ಣ.”

ತಲೆಯೆತ್ತದೆ ಕಡ್ಡಿಯನ್ನು ಒಂದಿಷ್ಟು ಸರಿಸಿದ. “ಈಗ?”

“ಇನ್ನೂ ಕಮ್ಮಿ.”

ಮತ್ತೆ ಸರಿಸಿದ. ಮತ್ತೆ ಕೇಳಿದ. ನಾಲ್ಕನೆಯ ಸಲಕ್ಕೆ ನನಗೆ ಕಣ್ಣಲ್ಲಿ ನೀರು ಬಂದು, ಮೂಗು ಎಳೆದುಕೊಂಡೆ. ಅವನು ಬಗ್ಗಿಸಿದ ಕತ್ತು ಎತ್ತದೆಯೇ ಹೇಳಿದ:

“ಅಳ್ಬೇಡ ಕಣೋ. ಕೇಳಿಸ್ಕೋ.”